ಒಡವೆಯ ಹರಳುಗಳು
(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಾಡುನುಡಿಗಳ ಹಿರಿಮೆಯನ್ನು ಕುರಿತು ಮಾತನಾಡುವುದು ನಡೆದುಬಂದ ವಾಡಿಕೆ. ಈ ಸಲ ಒಡವೆಯ ಹರಳುಗಳನ್ನು ಕುರಿತು ನಾಲ್ಕು ಮಾತು ಆಡಬೇಕೆಂದು ಮಹಿಳಾ ವಿಭಾಗದ ಸೋದರಿಯರು ಕೇಳಿದರು. ನಾವು ಸಂತೋಷದಿಂದ ಒಪ್ಪಿದೆವು. ನಾಡಹಬ್ಬಕ್ಕೂ ಹರಳಿಗೂ ಏನು ನಂಟು ಎಂದು ಹಿಂದಿನ ಸಾಲಿನಲ್ಲಿ ಕುಳಿತವರು ತಮ್ಮತಮ್ಮಲ್ಲೇ ಕೇಳಿಕೊಳ್ಳುತ್ತಿರಬಹುದು. ನಂಟು ಉಂಟು, ಅದನ್ನೇ ಮೊದಲು ನಿವೇದಿಸುತ್ತೇವೆ.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳಿಗೆ ಮುಂಬಯಿಯೇ ರಾಜಧಾನಿಯಾಗಿದ್ದಿತು. ಆ ಕಡೆಯವರು ಕಚೇರಿಯ ಕೆಲಸಕ್ಕೆ ರೈಲು ಹತ್ತಿ ಬಂದರೆ, ತುಳುನಾಡಿನವರು ಹಡಗು ಹತ್ತಿ ಹೊಟ್ಟೆಪಾಡಿಗೆ ಬಂದರು. ಹಾಗೆ ಬಂದ ನಮ್ಮ ಹಿರಿಯರ ಕೈಯಲ್ಲಿ ಇದ್ದುದೇನು? ಒಂದು ತಗಡಿನ ಪೆಟ್ಟಿಗೆ, ಒಂದು ಹಾಸಿಗೆಯ ಸುರುಳಿ, ಹಿಂದಿನಿಂದ ಬಂದ ಹೆಂಡತಿಯ ಮೈಮೇಲೆ ತವರಿನವರು ಇಟ್ಟ ನಾಲ್ಕು ಒಡವೆ. ಚಾಳಿನ ಕೋಣೆಗೆ ಪಗಡಿ ಕೊಡುವಾಗ, ಹೋಟೆಲಿಗೆ ಮೊದಲ ಸಾಮಾನು ಹಾಕುವಾಗ, ಮಗನ ಕಾಲೇಜಿನ ಫೀ ಕಟ್ಟುವಾಗ, ಆ ಒಡವೆಗಳೇ ಕೈಹಿಡಿದವು. ಎಷ್ಟೋ ಒಡವೆಗಳು ಅಡವಿಗೆ ಹೋಗಿ ಬಂದವು. ಎಷ್ಟೋ ಹೋದವು ಬರಲೇ ಇಲ್ಲ. ಬಂದು ಉಳಿದವುಗಳ ಪೈಕಿ ಕೆಂಪಿನ ಬೆಂಡೋಲೆ, ಏಳು ಕಲ್ಲಿನ ಬೇಸರಿ, ಪಚ್ಚೆಯ ಪದಕ, ಹರಳಿನ ಜಡೆಬಿಲ್ಲೆ ಇಂಥವು ಇಂದಿಗೂ ಕೆಲವು ಮನೆಗಳಲ್ಲಿ, ಕೆಲವು ಬ್ಯಾಂಕಿನ ಲಾಕರುಗಳಲ್ಲಿ ಉಂಟು.

ಈಗ ಮೊಮ್ಮಗಳ ಮದುವೆ ಬರುತ್ತದೆ. ಹಳೆಯ ಒಡವೆ ಹಾಕಿ ಹೊಸದು ಮಾಡಿಸೋಣವೆಂದು ಜವೇರಿ ಬಜಾರಿಗೆ ಹೋಗುತ್ತೇವೆ. ಅಂಗಡಿಯವರು ಒಡವೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಬಂಗಾರ ತೆಗೆದುಕೊಳ್ಳುತ್ತೇವೆ, ಕಲ್ಲಿಗೆ ಬೆಲೆಯಿಲ್ಲ" ಎಂದುಬಿಡುತ್ತಾರೆ. ಅಜ್ಜಿ ಪ್ರಾಣದಂತೆ ಕಾಪಾಡಿದ ಕೆಂಪು ಒಂದು ಚೂರು ಕಾಗದದಲ್ಲಿ ಸುತ್ತಿಕೊಂಡು ಮನೆಗೆ ಹಿಂದಿರುಗುತ್ತದೆ, ಇಲ್ಲವೆ ಅಂಗಡಿಯಲ್ಲೇ ಉಳಿಯುತ್ತದೆ. ಕಲ್ಲಿಗೆ ಬೆಲೆಯಿಲ್ಲವೆಂಬ ಮಾತು ನಿಜವೇ? ನಿಜವಾದರೆ ಏಕೆ, ಸುಳ್ಳಾದರೆ ಎಷ್ಟು ಸುಳ್ಳು? ಇದನ್ನು ತಿಳಿಯಬೇಕಾದರೆ ಹರಳು ಎಂದರೇನು, ಅದು ಎಲ್ಲಿಂದ ಬಂದಿತು, ಅದರ ಬಣ್ಣದ ಗುಟ್ಟೇನು ಎಂಬುದನ್ನು ಸ್ವಲ್ಪ ವಿಚಾರ ಮಾಡಬೇಕು.

ಮೊದಲು ಹೆಸರುಗಳನ್ನು ನೋಡೋಣ. ನಮ್ಮ ಹೆಂಗಸರು ಹರಳನ್ನು ಬಣ್ಣದಿಂದಲೇ ಕರೆದರು: ಕೆಂಪು, ಪಚ್ಚೆ, ನೀಲ. ಪಂಡಿತರು ಮಾಣಿಕ್ಯ, ಮರಕತ, ಇಂದ್ರನೀಲ ಎಂದರು. ಇವುಗಳ ಜೊತೆಗೆ ವಜ್ರ, ಮುತ್ತು, ಹವಳ, ಪುಷ್ಯರಾಗ, ಗೋಮೇಧಿಕ, ವೈಡೂರ್ಯ ಸೇರಿದರೆ ನವರತ್ನ. ಇವುಗಳಲ್ಲಿ ಮುತ್ತು ಹವಳಗಳೆರಡೂ ಕಡಲಿನ ಜೀವಿಗಳಿಂದ ಆದವು. ಮಿಕ್ಕವು ಭೂಮಿಯೊಳಗಿನ ಖನಿಜಗಳು. ಮಾಣಿಕ್ಯಕ್ಕೆ ಸಂಸ್ಕೃತದಲ್ಲಿ ಕುರುವಿಂದ ಎಂಬ ಹೆಸರೂ ಉಂಟು, ತಮಿಳಿನಲ್ಲಿ ಕುರುಂದಂ. ಈ ದಕ್ಷಿಣದ ಮಾತೇ ಪಶ್ಚಿಮಕ್ಕೆ ಹೋಗಿ, ಇಂದು ಜಗತ್ತಿನ ಖನಿಜಶಾಸ್ತ್ರಜ್ಞರೆಲ್ಲ ಬಳಸುವ 'ಕೊರಂಡಮ್' ಆಗಿದೆ. ಹಾಗೆಯೇ ಪಚ್ಚೆಯ ಕುಲದ ಹೆಸರಾದ 'ಬೆರಿಲ್' ಎಂಬುದು ನಮ್ಮ ವೈಡೂರ್ಯ ಶಬ್ದದ ಪ್ರಾಕೃತ ರೂಪದಿಂದ ಹೊರಟದ್ದು. ಅದರ ಮೂಲವನ್ನು ಇನ್ನೂ ಹಿಂದಕ್ಕೆ ಎಳೆದು ಬೇಲೂರಿನ ಹೆಸರಿಗೆ ಗಂಟುಹಾಕುವ ನಿಘಂಟುಕಾರರೂ ಇದ್ದಾರೆ. ಅದು ಊಹೆಯೇ ಆದರೂ ಕೇಳುವುದಕ್ಕೆ ಇಂಪಾಗಿದೆ. ಒಟ್ಟಿನಲ್ಲಿ, ಹರಳಿನ ಜೊತೆಗೆ ಅದರ ಹೆಸರನ್ನೂ ಜಗತ್ತು ನಮ್ಮ ಕಡೆಯಿಂದ ಕೊಂಡುಕೊಂಡಿತು.

ಇನ್ನು ಚರಿತ್ರೆ. ರತ್ನಪರೀಕ್ಷೆ ನಮ್ಮಲ್ಲಿ ಒಂದು ಶಾಸ್ತ್ರವೇ ಆಗಿದ್ದಿತು. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ವಜ್ರ, ಮುತ್ತು, ಪದ್ಮರಾಗ, ಮರಕತಗಳ ಲಕ್ಷಣವನ್ನು ಬರೆದಿದ್ದಾನೆ. ವಾತ್ಸ್ಯಾಯನನ ಅರವತ್ತುನಾಲ್ಕು ಕಲೆಗಳಲ್ಲಿ ರತ್ನಪರೀಕ್ಷೆಯೂ ಒಂದು. ಹರಳಿಗೆ ಬಣ್ಣ ಕಟ್ಟುವ ವಿದ್ಯೆಯೂ ಮತ್ತೊಂದು. ಎಂದರೆ, ಹರಳಿನ ಬಣ್ಣವನ್ನು ಹೆಚ್ಚಿಸುವ ಕೈಚಳಕ ಇಂದಿನ ವರ್ತಕರು ಕಂಡುಹಿಡಿದದ್ದಲ್ಲ. ನಮ್ಮ ನಾಡಿನಲ್ಲೇ, ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ ರಾಜನ ಬೊಕ್ಕಸವನ್ನು ವಿವರಿಸುವ ಭಾಗದಲ್ಲಿ ರತ್ನಗಳ ಗುಣದೋಷಗಳನ್ನು ಹೇಳಿದೆ. ಆ ಕಾಲಕ್ಕೆ ಕೆಲವೇ ವರ್ಷಗಳ ಹಿಂದೆ, 1117ರಲ್ಲಿ, ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾಯಿತು. ಅಲ್ಲಿಯ ಮದನಿಕೆಯರ ಕೊರಳು, ತೋಳು, ನಡುಗಳನ್ನು ನೋಡಿರಿ. ಅಂದಿನ ಅಕ್ಕಸಾಲಿಗರ ಕೆಲಸವನ್ನು ರೂವಾರಿಗಳು ಬಳಪದ ಕಲ್ಲಿನಲ್ಲಿ ಬರೆದಿಟ್ಟಿದ್ದಾರೆ. ಆ ಕಾಲದ ಚಿನ್ನ ಕರಗಿಹೋಗಿದೆ. ಕಲ್ಲಿನ ಒಡವೆ ಉಳಿದಿದೆ.

ವಿಜಯನಗರದ ಮಾತನ್ನು ಬಿಟ್ಟು ಹರಳಿನ ಕಥೆ ಹೇಳುವಂತಿಲ್ಲ. 1443ರಲ್ಲಿ ಪಾರಸಿಕ ದೇಶದ ರಾಯಭಾರಿಯಾಗಿ ಬಂದ ಅಬ್ದುಲ್ ರಜಾಕನೂ, 1520ರ ಸುಮಾರಿಗೆ ಬಂದ ಪೋರ್ತುಗೀಜ ಡೊಮಿಂಗೊ ಪೇಸನೂ ಹಂಪೆಯ ಪೇಟೆಯಲ್ಲಿ ಕೆಂಪು, ಪಚ್ಚೆ, ವಜ್ರ, ಮುತ್ತುಗಳ ವ್ಯಾಪಾರ ಬಹಿರಂಗವಾಗಿ ನಡೆಯುತ್ತಿದ್ದುದನ್ನು ಕಣ್ಣಾರೆ ಕಂಡು ಬರೆದಿದ್ದಾರೆ. ಪೇಟೆಯಲ್ಲಿ ಸೇರಿನಿಂದ ಅಳೆದು ಮಾರುತ್ತಿದ್ದರೆಂದು ನಾವು ಬಾಲ್ಯದಲ್ಲಿ ಕೇಳಿದ ಮಾತಿನಲ್ಲಿ ಅತಿಶಯೋಕ್ತಿ ಇರಬಹುದು. ಆದರೆ ಪ್ರವಾಸಿಗಳ ಮಾತಿನಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಬೆಲೆಬಾಳುವ ಸರಕನ್ನು ಬೀದಿಯಲ್ಲಿ ಹರಡಿ ಕುಳಿತುಕೊಳ್ಳುವಷ್ಟು ನಿರ್ಭಯ ಆ ಊರಿನಲ್ಲಿ ಇದ್ದಿತು. ಹರಳಿನ ಹೊಳಪಿಗಿಂತ ಈ ನಿರ್ಭಯವೇ ದೊಡ್ಡ ಐಶ್ವರ್ಯವೆಂದು ನಮಗೆ ತೋರುತ್ತದೆ.

ಆ ಹರಳುಗಳು ಎಲ್ಲಿಂದ ಬರುತ್ತಿದ್ದವು? ವಜ್ರ ಕೃಷ್ಣಾನದಿಯ ಸೀಮೆಯಿಂದ. ಕೆಂಪು ಬರ್ಮಾದ ಮೊಗೋಕ್‌ನಿಂದ ಮತ್ತು ಸಿಂಹಳದಿಂದ. ಮುತ್ತು ಪಾರಸಿಕ ಕೊಲ್ಲಿಯಿಂದ ಮತ್ತು ಮನ್ನಾರಿನ ಕೊಲ್ಲಿಯಿಂದ. ಪಚ್ಚೆಯ ಪ್ರಯಾಣ ಎಲ್ಲಕ್ಕಿಂತ ವಿಚಿತ್ರ. ಹದಿನಾರನೆಯ ಶತಮಾನದಲ್ಲಿ ಸ್ಪೇನಿನವರು ದಕ್ಷಿಣ ಅಮೆರಿಕದ ಕೊಲಂಬಿಯಾದ ಗಣಿಗಳನ್ನು ವಶಪಡಿಸಿಕೊಂಡ ಮೇಲೆ, ಅಲ್ಲಿಯ ಪಚ್ಚೆ ಎರಡು ಸಮುದ್ರಗಳನ್ನು ದಾಟಿ ಗೋವೆಯ ಬಂದರಿಗೆ ಬಂದು, ಅಲ್ಲಿಂದ ದಖ್ಖನಿನ ಸುಲ್ತಾನರ ಮತ್ತು ಮೊಗಲರ ಬೊಕ್ಕಸಗಳಿಗೆ ಸೇರಿತು. ಇಂದು ಮುಂಬಯಿಗೆ ಬರುವ ಪಚ್ಚೆಯ ಬಹುಪಾಲು ಆಫ್ರಿಕದ ಜಾಂಬಿಯಾದ್ದು ಮತ್ತು ಕೊಲಂಬಿಯಾದ್ದು. ಸಾಣೆ ಹಿಡಿಯುವುದು ಜಯಪುರದಲ್ಲಿ. ಹೊಸ ಕೆಂಪಿನ ದೊಡ್ಡ ಗಣಿ, 2009ರಿಂದೀಚೆಗೆ, ಆಫ್ರಿಕದ ಮೊಜಾಂಬಿಕ್. ಹರಳೂ ನಮ್ಮ ಹಾಗೆಯೇ ವಲಸೆ ಬಂದದ್ದು. ಹುಟ್ಟಿದ ಊರು ಒಂದು, ಬೆಲೆ ಪಡೆದ ಊರು ಮತ್ತೊಂದು.

ನಮ್ಮ ನಾಡಿನ ಮನಸ್ಸು ಮಾತ್ರ ಹರಳನ್ನು ಬೆಲೆಯಿಂದಷ್ಟೇ ಅಳೆಯಲಿಲ್ಲ. ಬಸವಣ್ಣನವರು ಒಳ್ಳೆಯ ನುಡಿಗೆ ಮುತ್ತು, ಮಾಣಿಕ್ಯ, ಸ್ಫಟಿಕಗಳ ಹೋಲಿಕೆ ಕೊಟ್ಟ ವಚನ ತಮ್ಮೆಲ್ಲರ ಬಾಯಲ್ಲೂ ಇದೆ. ಪುರಂದರದಾಸರ ಕಥೆ ಒಂದು ಮೂಗುತಿಯಿಂದಲೇ ಆರಂಭವಾಗುತ್ತದೆ. ಹೆಂಡತಿ ದಾನ ಕೊಟ್ಟ ಮೂಗುತಿ ಗಂಡನ ಅಂಗಡಿಗೇ ಮಾರಾಟಕ್ಕೆ ಬಂದಿತು, ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದು ಮಾಯವಾಯಿತು, ಚಿನಿವಾರ ಶ್ರೀನಿವಾಸ ನಾಯಕನು ಪುರಂದರದಾಸನಾದನು ಎಂಬುದು ಸಂಪ್ರದಾಯದ ಮಾತು. ಇನ್ನು ಮೇಲುಕೋಟೆಯ ವೈರಮುಡಿ ಉತ್ಸವ. ರತ್ನಖಚಿತ ಕಿರೀಟವನ್ನು ವರ್ಷವೆಲ್ಲ ಸರಕಾರಿ ಖಜಾನೆಯಲ್ಲಿಟ್ಟು, ಉತ್ಸವದ ದಿನ ಮಂಡ್ಯದಿಂದ ಕಾವಲಿನೊಡನೆ ಬೆಟ್ಟಕ್ಕೆ ತರುತ್ತಾರೆ. ದಾರಿಯ ಹಳ್ಳಿಗಳ ಜನ ಅದಕ್ಕೆ ಪೂಜೆ ಸಲ್ಲಿಸುತ್ತಾರೆ. ಅವರಲ್ಲಿ ಒಬ್ಬರೂ ಅದರ ತೂಕ ಎಷ್ಟು, ದರ ಎಷ್ಟು ಎಂದು ಕೇಳುವುದಿಲ್ಲ.

ಈಗ ವಿಜ್ಞಾನಕ್ಕೆ ಬರೋಣ. ಗಣಿತ, ಸೂತ್ರಗಳಿಂದ ತಮ್ಮನ್ನು ಹೆದರಿಸುವುದಿಲ್ಲ. ಕೊರಂಡಮ್ ಎಂಬುದು ಅಲ್ಯೂಮಿನಿಯಂ ಮತ್ತು ಆಮ್ಲಜನಕ ಎರಡೇ ಸೇರಿದ ಖನಿಜ. ಶುದ್ಧವಾಗಿದ್ದರೆ ಅದಕ್ಕೆ ಬಣ್ಣವೇ ಇಲ್ಲ, ನೀರಿನಂತೆ ಇರುತ್ತದೆ. ನಮ್ಮ ಮೈಸೂರು, ಹಾಸನದ ಕಡೆಯ ಹೊಲಗದ್ದೆಗಳಲ್ಲಿ ಸಿಕ್ಕುವ ಕೊರಂಡಮ್ ಬಹುಮಟ್ಟಿಗೆ ಮಸುಕಾಗಿದ್ದು ಸಾಣೆಯ ಪುಡಿಗೆ ಉಪಯೋಗವಾಗುತ್ತದೆ. ಒಳ್ಳೆಯ ಪಾರದರ್ಶಕ ಹರಳಿನಲ್ಲಿ ಅಲ್ಯೂಮಿನಿಯಂನ ನೂರು ಅಣುಗಳ ಪೈಕಿ ಒಂದರ ಜಾಗದಲ್ಲಿ ಕ್ರೋಮಿಯಂ ಬಂದು ಕುಳಿತರೆ ಸಾಕು, ಅದು ಮಾಣಿಕ್ಯವಾಗುತ್ತದೆ. ಕ್ರೋಮಿಯಂಗೆ ಬದಲಾಗಿ ಕಬ್ಬಿಣ ಮತ್ತು ಟೈಟೇನಿಯಂ ಎರಡೂ ಕೂಡಿ ಬಂದರೆ ಅದೇ ಕೊರಂಡಮ್ ನೀಲವಾಗುತ್ತದೆ. ಕೆಂಪೂ ನೀಲವೂ ಒಡಹುಟ್ಟಿದವು. ಪುಷ್ಯರಾಗವೆಂದು ಇಂದು ಮಾರುವ ಹಳದಿ ಹರಳು ಕೂಡ ಬಹಳ ವೇಳೆ ಇದೇ ಮನೆತನದ್ದು.

ಇದಕ್ಕಿಂತ ಆಶ್ಚರ್ಯದ ಸಂಗತಿ ಒಂದುಂಟು. ಕೆಂಪನ್ನು ಕೆಂಪಾಗಿಸಿದ ಕ್ರೋಮಿಯಂ, ಬೆರಿಲ್ ಎಂಬ ಇನ್ನೊಂದು ಖನಿಜದೊಳಗೆ ಸೇರಿದರೆ ಅದನ್ನು ಹಸಿರಾಗಿಸುತ್ತದೆ. ಅದೇ ಪಚ್ಚೆ. ಒಂದೇ ವಸ್ತು ಒಂದು ಕಡೆ ಕೆಂಪು, ಮತ್ತೊಂದು ಕಡೆ ಹಸಿರು! ಹೇಗೆ ಸಾಧ್ಯ? ಅಡಿಗೆಮನೆಯ ಅರಿಶಿನವನ್ನು ನೆನೆಯಿರಿ. ನೀರಿನಲ್ಲಿ ಕಲಸಿದರೆ ಹಳದಿ. ಸುಣ್ಣ ಬೆರೆಸಿದರೆ ಆರತಿಯ ಓಕುಳಿ, ಕೆಂಪು. ಅರಿಶಿನ ಅದೇ, ನೆರೆಹೊರೆ ಬದಲಾಯಿತು. ಕಾರಣ ಬೇರೆಯಾದರೂ ಕ್ರೋಮಿಯಂ ಕಥೆಯೂ ಈ ಮಾದರಿಯದೇ. ಬಿಳಿಯ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಅಡಗಿರುತ್ತವೆ. ಸುತ್ತಲಿನ ಅಣುಗಳು ಒತ್ತಾಗಿರುವ ಕೊರಂಡಮ್ಮಿನಲ್ಲಿ ಕ್ರೋಮಿಯಂ ಬೆಳಕಿನ ಹಸಿರನ್ನು ನುಂಗಿ ಕೆಂಪನ್ನು ಬಿಡುತ್ತದೆ. ಆ ಒತ್ತು ಸ್ವಲ್ಪ ಸಡಿಲಾದ ಬೆರಿಲ್‌ನಲ್ಲಿ ಕೆಂಪನ್ನು ನುಂಗಿ ಹಸಿರನ್ನು ಬಿಡುತ್ತದೆ. ಮಾಣಿಕ್ಯಕ್ಕೆ ಇನ್ನೊಂದು ಗುಣವುಂಟು: ನುಂಗಿದ ಬೆಳಕಿನ ಒಂದಂಶವನ್ನು ಅದು ಕೆಂಪಾಗಿ ಹಿಂದಕ್ಕೆ ಕೊಡುತ್ತದೆ. ಕಬ್ಬಿಣದ ಅಂಶ ಕಡಿಮೆಯಿರುವ ಬರ್ಮಾದ ಕೆಂಪು ಬಿಸಿಲಿನಲ್ಲಿ ಕೆಂಡದಂತೆ ಕಾಣುವುದು ಇದರಿಂದಲೇ. ಒಳಗೆ ದೀಪವಿರುವಂತೆ ಹಿರಿಯರು ವರ್ಣಿಸಿದ್ದು ಬರಿಯ ಕವಿಸಮಯವಲ್ಲ.

ಹರಳಿನ ಎರಡನೆಯ ಗುಣ ಗಡಸುತನ. ಜರ್ಮನಿಯ ಫ್ರೀಡ್ರಿಕ್ ಮೋಸ್ ಎಂಬ ವಿದ್ವಾಂಸನು 1812ರಲ್ಲಿ ಒಂದರಿಂದ ಹತ್ತರವರೆಗೆ ಒಂದು ಮೆಟ್ಟಿಲುಸಾಲು ಮಾಡಿದ. ಹತ್ತನೆಯದು ವಜ್ರ, ಒಂಬತ್ತನೆಯದು ಕೆಂಪು ಮತ್ತು ನೀಲ; ಪಚ್ಚೆ ಏಳೂವರೆಯಿಂದ ಎಂಟು; ಸ್ಫಟಿಕ ಏಳು; ಮುತ್ತು ಹವಳಗಳು ಮೂರು ನಾಲ್ಕರ ಆಸುಪಾಸು. ಮೇಲಿನದು ಕೆಳಗಿನದನ್ನು ಗೀರುತ್ತದೆ. ಇದರಿಂದ ಗೃಹಿಣಿಯರಿಗೆ ಎರಡು ಪಾಠ. ಮನೆಯ ಧೂಳಿನಲ್ಲಿ ಸ್ಫಟಿಕದ ಜಾತಿಯ ಮರಳಿನ ಕಣಗಳಿರುತ್ತವೆ. ಒಣ ಬಟ್ಟೆಯಿಂದ ತಿಕ್ಕಿದರೆ ಮುತ್ತು ಹವಳಗಳು ಸವೆಯುತ್ತವೆ. ಮೆತ್ತನೆಯ ಒದ್ದೆ ಬಟ್ಟೆಯಿಂದ ಒರೆಸಬೇಕು. ಎಲ್ಲ ಒಡವೆಯನ್ನೂ ಒಂದೇ ಡಬ್ಬಿಯಲ್ಲಿ ಸುರಿದಿಟ್ಟರೆ ವಜ್ರದ ಉಂಗುರ ಕೆಂಪನ್ನು ಗೀರುತ್ತದೆ, ಕೆಂಪು ಮುತ್ತನ್ನು ಗೀರುತ್ತದೆ. ಆದುದರಿಂದ ಬೇರೆಬೇರೆ ಅರಿವೆಯಲ್ಲಿ ಸುತ್ತಿಡಬೇಕು.

ಇನ್ನು ಅಸಲು ನಕಲುಗಳ ವಿಚಾರ. ಕೆಂಪಾಗಿ ಹೊಳೆಯುವುದೆಲ್ಲ ಮಾಣಿಕ್ಯವಲ್ಲ. ಇಂಗ್ಲೆಂಡಿನ ರಾಜಕಿರೀಟದ ಮುಂಭಾಗದಲ್ಲಿರುವ 'ಬ್ಲ್ಯಾಕ್ ಪ್ರಿನ್ಸನ ಮಾಣಿಕ್ಯ' ಶತಮಾನಗಳ ಕಾಲ ಮಾಣಿಕ್ಯವೆಂದೇ ಮೆರೆಯಿತು. ಅದು ಸ್ಪಿನೆಲ್ ಎಂಬ ಬೇರೆಯ ಖನಿಜ. ಈ ಎರಡನ್ನೂ ವಿಜ್ಞಾನಿಗಳು ಬೇರ್ಪಡಿಸಿದ್ದೇ 1783ರಲ್ಲಿ. ಚಕ್ರವರ್ತಿಗಳ ಕಣ್ಣೇ ತಪ್ಪಿದ ಮೇಲೆ ನಮ್ಮಂಥವರ ಪಾಡೇನು?

1902ರಲ್ಲಿ ಫ್ರಾನ್ಸಿನ ಅಗಸ್ಟ್ ವೆರ್ನೂಯಿ ಎಂಬ ರಸಾಯನಶಾಸ್ತ್ರಜ್ಞನು ಮಾಣಿಕ್ಯವನ್ನು ಪ್ರಯೋಗಶಾಲೆಯಲ್ಲಿ ಮಾಡುವ ವಿಧಾನವನ್ನು ಪ್ರಕಟಿಸಿದನು. ಅಲ್ಯೂಮಿನಿಯಂ ಆಕ್ಸೈಡಿನ ನಯವಾದ ಪುಡಿಗೆ ಚಿಟಿಕೆ ಕ್ರೋಮಿಯಂ ಬೆರೆಸಿ, ಎರಡು ಸಾವಿರ ಡಿಗ್ರಿಗೂ ಮೇಲ್ಪಟ್ಟ ಜ್ವಾಲೆಯೊಳಗೆ ಉದುರಿಸಿದರೆ, ಅದು ಕರಗಿ ಹನಿಹನಿಯಾಗಿ ಕೆಳಗೆ ಕೂಡಿಕೊಂಡು ಗಡ್ಡೆಯಾಗಿ ಬೆಳೆಯುತ್ತದೆ. ಇದು ಗಾಜಲ್ಲ, ಮೋಸವೂ ಅಲ್ಲ. ರಚನೆಯಲ್ಲಿ, ಗಡಸಿನಲ್ಲಿ ನಿಜವಾದ ಮಾಣಿಕ್ಯವೇ. ಭೂಮಿ ಅನೇಕ ಲಕ್ಷ ವರ್ಷಗಳಲ್ಲಿ ಮಾಡುವುದನ್ನು ಕುಲುಮೆ ಕೆಲವೇ ಗಂಟೆಗಳಲ್ಲಿ ಮಾಡುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಕುಲುಮೆಯ ಹರಳಿನಲ್ಲಿ ಬಾಗಿದ ಗೆರೆಗಳು ಕಾಣುತ್ತವೆ; ಗಣಿಯ ಹರಳಿನಲ್ಲಿ ಗೆರೆಗಳು ನೇರ. ಆ ಕಾಲದಿಂದೀಚೆಗೆ ಮಾಡಿಸಿದ ಒಡವೆಗಳಲ್ಲಿ ಕುಲುಮೆಯ ಕೆಂಪು ಎಷ್ಟೋ ಸೇರಿಕೊಂಡಿದೆ. ಅಜ್ಜಿಗೆ ಮಾರಿದ ಅಕ್ಕಸಾಲಿಗನಿಗೂ ಅದು ತಿಳಿದಿರಲಿಲ್ಲವೆಂದರೆ ಆಶ್ಚರ್ಯವಿಲ್ಲ.

ಈ ಕುಲುಮೆಯ ಕೆಂಪನ್ನು ನಾವು ಕೀಳಾಗಿ ಕಾಣಬೇಕಾಗಿಲ್ಲ. 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 2016ರಲ್ಲಿ ಮುಚ್ಚಿಹೋಗುವ ತನಕ ಎಚ್.ಎಂ.ಟಿ. ಗಡಿಯಾರದ ಕಾರ್ಖಾನೆ ದೇಶದ ಮಣಿಕಟ್ಟನ್ನು ಅಲಂಕರಿಸಿತು. ಅದರ ಜನತಾ ಗಡಿಯಾರದ ಮುಖದ ಮೇಲೆ '17 ಜ್ಯೂಯೆಲ್ಸ್' ಎಂದು ಬರೆದಿದ್ದುದು ಹಿರಿಯರಿಗೆ ನೆನಪಿರಬಹುದು. ಆ ಹದಿನೇಳು ಮಣಿಗಳು ಕುಲುಮೆಯ ಕೆಂಪು. ಚಕ್ರದ ಅಚ್ಚು ಸವೆಯದೆ ತಿರುಗುವುದಕ್ಕೆ ಇಟ್ಟ ಗಡಸು ಕಲ್ಲುಗಳು. ಒಡವೆ ಎಂದೂ ತೊಡದ ಗುಮಾಸ್ತ, ಬಾಣಸಿಗ, ಮೇಷ್ಟರೂ ಹದಿನೇಳು ಕೆಂಪನ್ನು ಕೈಗೆ ಕಟ್ಟಿಕೊಂಡು ಲೋಕಲ್ ಗಾಡಿ ಹಿಡಿದರು. 1960ರಲ್ಲಿ ಅಮೆರಿಕದ ಥಿಯೊಡರ್ ಮೈಮನ್ ಎಂಬ ವಿಜ್ಞಾನಿ ಜಗತ್ತಿನ ಮೊದಲ ಲೇಸರ್ ಕಿರಣವನ್ನು ಹೊರಡಿಸಿದ್ದೂ ಇಂಥ ಒಂದು ಮಾಣಿಕ್ಯದ ಸಲಾಕೆಯಿಂದಲೇ.

ಈಗ ಜವೇರಿ ಬಜಾರಿನ ಪ್ರಶ್ನೆಗೆ ಹಿಂದಿರುಗೋಣ. ಕಲ್ಲಿಗೆ ಬೆಲೆಯಿಲ್ಲವೇ? ನಮ್ಮ ಹಳೆಯ ಒಡವೆಗಳಲ್ಲಿ ಹರಳನ್ನು ಕುಂದಣದಲ್ಲಿ ಕೂಡಿಸುತ್ತಿದ್ದರು. ಗೂಡಿನ ಬೆನ್ನು ಮುಚ್ಚಿದ್ದು, ಒಳಗೆ ಅರಗು, ಹರಳಿನ ಕೆಳಗೆ ಹೊಳಪಿಗಾಗಿ ತೆಳ್ಳನೆಯ ತಗಡು. ಮಸುಕು ಹರಳೂ ಆ ತಗಡಿನ ಬಲದಿಂದ ಮಿನುಗುತ್ತದೆ. ಬಿಡಿಸಿ ತೆಗೆದಾಗ ಅದರ ನಿಜವಾದ ಬಣ್ಣ ಹೊರಬೀಳುತ್ತದೆ. ಅಲ್ಲದೆ ಹಳೆಯ ಹರಳುಗಳು ಸಣ್ಣವು, ಒಂದರಂತೆ ಒಂದಿಲ್ಲ. ಇಂದಿನ ಅಚ್ಚಿನ ಒಡವೆಗೆ ಕೂಡಬೇಕಾದರೆ ಮತ್ತೆ ಸಾಣೆ ಹಿಡಿಸಬೇಕು. ಆದುದರಿಂದ ಅಂಗಡಿಯವರ ಮಾತು ಅನೇಕ ಸಲ ವ್ಯಾಪಾರದ ದೃಷ್ಟಿಯಿಂದ ನಿಜವೇ. ಆದರೆ ಎಲ್ಲ ಸಲವೂ ನಿಜವಲ್ಲ. ಹಳೆಯ ಪದಕವೊಂದರ ನಡುವೆ ಒಳ್ಳೆಯ ಬರ್ಮಾ ಕೆಂಪೊಂದು ಕುಳಿತಿರಬಹುದು. ಆದಕಾರಣ ಬಾಯಿಮಾತನ್ನು ನಂಬಿ ಒಡವೆ ಮುರಿಸಬೇಡಿರಿ. ಸಿಟ್ಟಾಗಿ ಜಗಳವನ್ನೂ ಆಡಬೇಡಿರಿ. ಹರಳನ್ನು ಪರೀಕ್ಷೆ ಮಾಡಿಸಿರಿ. ರತ್ನಪರೀಕ್ಷೆಗೆಂದೇ 1971ರಲ್ಲಿ ಸ್ಥಾಪನೆಯಾದ ಜೆಮಾಲಜಿಕಲ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾ ನಮ್ಮ ಮುಂಬಯಿಯಲ್ಲೇ ಇದೆ. ಗಣಿಯದೋ ಕುಲುಮೆಯದೋ, ಕಾಯಿಸಿದ್ದೋ, ಗಾಜು ತುಂಬಿದ್ದೋ ಎಂಬುದನ್ನು ಇಂಥ ಪ್ರಯೋಗಶಾಲೆಯವರು ಬರೆದುಕೊಡುತ್ತಾರೆ.

ಹೊಸ ಹರಳು ಕೊಳ್ಳುವವರೂ ಈ ಪ್ರಶ್ನೆಗಳನ್ನು ಕೇಳಬೇಕು. ಕೆಂಪು, ನೀಲಗಳನ್ನು ಕುಲುಮೆಯಲ್ಲಿ ಕಾಯಿಸಿ ಬಣ್ಣ ಏರಿಸುವುದು ಇಂದು ಸಾಮಾನ್ಯ. ಹೇಳಿ ಮಾರಿದರೆ ತಪ್ಪಿಲ್ಲ. ಬಿರುಕುಬಿಟ್ಟ ಅಗ್ಗದ ಕೆಂಪಿಗೆ ಸೀಸದ ಗಾಜು ತುಂಬಿ ಸ್ವಚ್ಛವಾಗಿ ಕಾಣಿಸುವುದೂ ಉಂಟು. ಅಕ್ಕಸಾಲಿಗನ ಆಮ್ಲ, ಬೆಂಕಿ, ಅಡಿಗೆಮನೆಯ ನಿಂಬೆರಸ ತಗುಲಿದರೂ ಆ ಗಾಜು ಕೆಡುತ್ತದೆ. ಪಚ್ಚೆಯ ಬಿರುಕುಗಳಿಗೆ ಎಣ್ಣೆ ಹಾಕುವುದು ಬಹಳ ಹಳೆಯ ಪದ್ಧತಿ. ಪಚ್ಚೆಯನ್ನು ಬಿಸಿ ಸಾಬೂನುನೀರಿನಲ್ಲಿ ತೊಳೆದರೆ ಆ ಎಣ್ಣೆ ಹೋಗಿ ಬಿರುಕು ಎದ್ದು ಕಾಣುತ್ತದೆ. ಕುಂದಣದ ಒಡವೆ ತೊಟ್ಟು ಸ್ನಾನ ಮಾಡುವುದಂತೂ ಕೂಡದು. ಮುಂಬಯಿಯ ಮಳೆಗಾಲದ ತೇವವೇ ಒಳಗಿನ ತಗಡನ್ನು ಕಪ್ಪಾಗಿಸಲು ಸಾಕು.

ತೂಕದ ಲೆಕ್ಕ ಎಲ್ಲಕ್ಕಿಂತ ಮುಖ್ಯ. ಹಿಂದೆ ಹರಳನ್ನು ಗುಲಗಂಜಿಯಿಂದ ತೂಗುತ್ತಿದ್ದರು. ಈಗಿನದು ಕ್ಯಾರಟ್, ಎಂದರೆ 200 ಮಿಲಿಗ್ರಾಂ. ಐದು ಕ್ಯಾರಟ್ಟಿಗೆ ಒಂದು ಗ್ರಾಂ. ಒಂದು ನೆಕ್ಲೇಸು ಒಟ್ಟು 30 ಗ್ರಾಂ ತೂಗುತ್ತದೆಂದು ಇಟ್ಟುಕೊಳ್ಳಿ. ಅದರಲ್ಲಿ ಹರಳು 20 ಕ್ಯಾರಟ್, ಎಂದರೆ 4 ಗ್ರಾಂ. ಅರಗು 2 ಗ್ರಾಂ. ಚಿನ್ನ 24 ಗ್ರಾಂ. ರಸೀತಿಯಲ್ಲಿ 30 ಗ್ರಾಂ ಚಿನ್ನವೆಂದು ಬರೆದರೆ ಆರು ಗ್ರಾಂ ಅರಗಿಗೂ ಕಲ್ಲಿಗೂ ಚಿನ್ನದ ದರ ತೆತ್ತಂತೆ. ಅದನ್ನೇ ಮಾರಲು ಹೋದಾಗ 24 ಗ್ರಾಮಿಗೆ ಮಾತ್ರ ಹಣ. ಕೊಳ್ಳುವಾಗ ಕಲ್ಲೂ ಚಿನ್ನ, ಮಾರುವಾಗ ಕಲ್ಲು ಬರಿಯ ಕಲ್ಲು! ಆದಕಾರಣ ಚಿನ್ನದ ನಿವ್ವಳ ತೂಕ, ಹರಳಿನ ತೂಕ, ಹರಳಿನ ಹೆಸರು, ಅದಕ್ಕೆ ಮಾಡಿದ ಸಂಸ್ಕಾರ ಇವನ್ನು ಬೇರೆಬೇರೆಯಾಗಿ ಬರೆಸಿಕೊಳ್ಳಿರಿ. 2021ರ ಜೂನ್ 16ರಿಂದ ಚಿನ್ನದ ಒಡವೆಗೆ ಹಾಲ್‌ಮಾರ್ಕ್ ಹಂತಹಂತವಾಗಿ ಕಡ್ಡಾಯವಾಗಿದೆ. 2023ರ ಏಪ್ರಿಲ್ 1ರಿಂದ ಆರು ಅಕ್ಷರ ಅಂಕಿಗಳ ಗುರುತೂ ಬೇಕು. ಆದರೆ ಈ ಮುದ್ರೆ ಚಿನ್ನದ ಶುದ್ಧತೆಯನ್ನು ಮಾತ್ರ ಹೇಳುತ್ತದೆ, ಹರಳಿನ ಮಾತೆತ್ತುವುದಿಲ್ಲ. ಕುಂದಣ, ಪೋಲ್ಕಿ, ಜಡಾವು ಒಡವೆಗಳಿಗಂತೂ ಈ ಕಡ್ಡಾಯದಿಂದ ವಿನಾಯಿತಿ ಕೊಡಲಾಯಿತು. ಎಂದರೆ, ನಮ್ಮವರಿಗೆ ಪ್ರಿಯವಾದ ಕಲ್ಲಿನ ಒಡವೆಯಲ್ಲೇ ನಾವು ಹೆಚ್ಚು ಎಚ್ಚರದಿಂದಿರಬೇಕು.

ಗ್ರಹಗಳ ಮಾತನ್ನೂ ಆಡಬೇಕು. ಸೂರ್ಯನಿಗೆ ಮಾಣಿಕ್ಯ, ಬುಧನಿಗೆ ಪಚ್ಚೆ, ಶನಿಗೆ ನೀಲ ಎಂದು ನವರತ್ನಗಳನ್ನು ನವಗ್ರಹಗಳಿಗೆ ಹಂಚಿರುವುದು ಹಳೆಯ ಸಂಪ್ರದಾಯ. ಅದರಲ್ಲಿ ನಂಬಿಕೆಯುಳ್ಳವರ ಮನಸ್ಸನ್ನು ನೋಯಿಸುವುದು ನಮ್ಮ ಉದ್ದೇಶವಲ್ಲ. ಹರಳಿನಿಂದ ಕಾಯಿಲೆ ವಾಸಿಯಾಗುತ್ತದೆ, ಕೆಲಸ ಸಿಕ್ಕುತ್ತದೆ ಎಂಬುದಕ್ಕೆ ವಿಜ್ಞಾನದಲ್ಲಿ ಆಧಾರವಿಲ್ಲವೆಂಬುದನ್ನು ಮಾತ್ರ ಹೇಳಲೇಬೇಕು. ಮಗನ ಕೆಲಸ ಹೋಗಿದೆ, ಮನೆಯಲ್ಲಿ ಕಾಯಿಲೆಯಿದೆ ಎನ್ನುವ ಹೊತ್ತಿನಲ್ಲೇ ಸಾವಿರಾರು ರೂಪಾಯಿ ಸಾಲ ಮಾಡಿ ನೀಲ ಕೊಂಡ ಸಂಸಾರಗಳನ್ನು ನಾವು ಕಂಡಿದ್ದೇವೆ. ಕಷ್ಟದಲ್ಲಿರುವವನಿಗೆ ಹರಳು ಮಾರುವುದು ಸುಲಭ. ತೊಡುವ ಆಸೆಯಿದ್ದರೆ ಕೈಯಲ್ಲಿ ಕಾಸಿದ್ದಾಗ ಕೊಂಡು ತೊಡಿರಿ. ಔಷಧದ ಹಣದಿಂದ ಮಾತ್ರ ಬೇಡ.

ಹರಳಿನ ಹೊಳಪಿನ ಹಿಂದೆ ಬೆವರೂ ಉಂಟು. ಗುಜರಾತಿನ ಖಂಭಾತಿನಲ್ಲಿ ಅಕೀಕಿನ ಕಲ್ಲನ್ನು ಸಾಣೆ ಹಿಡಿಯುವ ಬಡವರು ಕಲ್ಲಿನ ಧೂಳನ್ನೇ ಉಸಿರಾಡಿ, ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗದಿಂದ ನಡುವಯಸ್ಸು ಮುಟ್ಟುವ ಮೊದಲೇ ಸಾಯುತ್ತಾರೆ. ಆ ರೋಗಕ್ಕೆ ಮದ್ದಿಲ್ಲ; ಧೂಳು ತಡೆಯುವುದೊಂದೇ ಉಪಾಯ. ನಮ್ಮ ನಾಡಿನಲ್ಲೂ ಸುಬ್ರಹ್ಮಣ್ಯ, ಕೊಡಗಿನ ಗಡಿಯ ಕಾಡುಗಳಲ್ಲಿ ಹರಳುಕಲ್ಲಿನ ಆಸೆಗೆ ಕದ್ದು ಗುಂಡಿ ತೋಡುವ ಸುದ್ದಿ ಪತ್ರಿಕೆಗಳಲ್ಲಿ ಬಂದಿದೆ. ಜವೇರಿ ಬಜಾರಿನ ಮಾಳಿಗೆಗಳ ಇಕ್ಕಟ್ಟಿನಲ್ಲಿ ಕುಳಿತು ನಮ್ಮ ಮಕ್ಕಳ ಮದುವೆಯ ಒಡವೆಗೆ ಹರಳು ಕೂಡಿಸುವವರಲ್ಲಿ ಬಂಗಾಳದಿಂದ ಬಂದ ತರುಣರು ಬಹಳ. ಅವರೂ ನಮ್ಮ ಹಿರಿಯರಂತೆ ಊರು ಬಿಟ್ಟು ಬಂದವರೇ. ಕೂಲಿಯಲ್ಲಿ ಚೌಕಾಸಿ ಮಾಡುವಾಗ ಇದು ನೆನಪಿರಲಿ.

ಹಾಗಾದರೆ ಹರಳಿನ ಆಕರ್ಷಣೆ ಯಾವುದರಲ್ಲಿದೆ? ಹೂವಿನ ಬಣ್ಣ ಸಂಜೆಗೆ ಬಾಡುತ್ತದೆ, ಸೀರೆಯ ಬಣ್ಣ ಒಗೆತಕ್ಕೆ ಮಾಸುತ್ತದೆ. ಒಳ್ಳೆಯ ಕೆಂಪು ಮಾತ್ರ ಅಜ್ಜಿಯ ಕಿವಿಯಲ್ಲಿ ಹೇಗಿತ್ತೋ ಮೊಮ್ಮಗಳ ಕಿವಿಯಲ್ಲೂ ಹಾಗೆಯೇ ಇರುತ್ತದೆ. ಬಾಳಿನಲ್ಲಿ ಬದಲಾಗದೆ ನಿಲ್ಲುವ ಬಣ್ಣ ಅಪರೂಪ. ಅದಕ್ಕಾಗಿಯೇ ಮನುಷ್ಯ ಅದನ್ನು ಹುಡುಕಿಕೊಂಡು ಗಣಿಗೆ ಇಳಿದ, ಕಡಲು ದಾಟಿದ.

ಕೊನೆಯದಾಗಿ ಒಂದು ವಿಜ್ಞಾಪನೆ. ಬೆಂಡೋಲೆ, ಬೇಸರಿ, ಬುಗುಡಿ, ವಂಕಿ, ರಾಗಟೆ, ಬೋರಮಾಳ, ಗುಂಡಿನ ಟೀಕಿ ಮೊದಲಾದ ಮಾತುಗಳು ನಮ್ಮ ಮನೆಗಳಲ್ಲಿ ದಿನದಿನಕ್ಕೆ ಕಡಿಮೆಯಾಗುತ್ತಿವೆ. ಒಡವೆ ಕರಗಿದಾಗ ಅದರ ಜೊತೆಗೆ ಹೆಸರೂ ಕರಗುತ್ತದೆ. ಮುಂದಿನ ಭಾನುವಾರ ಮನೆಯ ಹಿರಿಯ ಹೆಂಗಸರನ್ನು ಕೂರಿಸಿಕೊಂಡು ಒಂದು ನೋಟುಪುಸ್ತಕದಲ್ಲಿ ಕನ್ನಡದಲ್ಲೇ ಬರೆದಿಡಿರಿ: ಈ ಒಡವೆಯ ಹೆಸರೇನು, ಯಾರು ಯಾರಿಗೆ ಇಟ್ಟದ್ದು, ಯಾವ ಊರಿನ ಪತ್ತಾರ ಮಾಡಿದ್ದು, ಹರಳು ಎಷ್ಟು, ಎಷ್ಟು ಸಲ ಅಡವಿಗೆ ಹೋಗಿ ಯಾವ ಕಷ್ಟ ತೀರಿಸಿ ಬಂದದ್ದು. ಪ್ರಯೋಗಶಾಲೆಯ ಕಾಗದವಿದ್ದರೆ ಅದನ್ನೂ ಅಂಟಿಸಿರಿ. ಆ ಮೇಲೆ ಮುರಿಸುವುದೋ ಉಳಿಸುವುದೋ ತಮ್ಮ ಇಷ್ಟ. ಹರಳು ಕುಲುಮೆಯದಾದರೂ, ಮಸುಕಾದರೂ, ಅಂಗಡಿಯವರು ಬೆಲೆಯಿಲ್ಲವೆಂದರೂ, ಆ ಪುಸ್ತಕ ಓದಿದ ಮೊಮ್ಮಗಳು ಅದನ್ನು ಬೆಲೆಯಿಲ್ಲದ್ದೆಂದು ಹೇಳಲಾರಳು.